ಗುಹೆಯೂ ಇರಲಿ, ಪದವೂ ಇರಲಿ

ಪತ್ರ: ಹೋದ ಸಂಚಿಕೆಯಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಸಮಾಧಿ ಗುಹೆಗಳ ಬಗ್ಗೆ ಬರೆದಿದ್ದೀರಿ. ನಮ್ಮ ಪದವಿನಲ್ಲೂ, ಅಂದರೆ ಮುರಕಲ್ಲಿನ ಬೋಳುಗುಡ್ಡದ ಮೇಲೂ, ಅಂಥದ್ದೊಂದಿದೆ. ಒಳಗಿದ್ದ ಮಡಕೆ ಚೂರುಗಳು ಎಂದೋ ಹೋಗಿವೆ. ಬೇಕಾದರೆ ಗುಹೆಗೆ ಬೇಲಿ ಹಾಕಲಿ. ಸುತ್ತಲಿನ ಜಾಗದಲ್ಲಿ ಕಲ್ಲು ಕಡಿದರೆ ನಿಮಗೇನು ತೊಂದರೆ? ಹುಲ್ಲೂ ಸರಿಯಾಗಿ ಬೆಳೆಯದ ಜಾಗ ಅದು.
– ಬದಿಯಡ್ಕದ ಓದುಗರೊಬ್ಬರು

ಉತ್ತರ: ನೇರವಾಗಿ ಕೇಳಿದ್ದೀರಿ, ಸಂತೋಷ. ಕಲ್ಲುಕೋರೆಯಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಮನೆ ಕಟ್ಟುವವರಿಗೆ ಕಲ್ಲೂ ಬೇಕು. ಒಪ್ಪಿದೆ. ಆದರೆ ಗುಹೆ ಬೇರೆ, ಜಾಗ ಬೇರೆ ಅಂದಿರಲ್ಲ, ಅದನ್ನು ಮಾತ್ರ ಒಪ್ಪಲಾರೆ.

ಈ ಗುಹೆಗಳು ಎರಡು ಸಾವಿರ ವರ್ಷಕ್ಕೂ ಹಿಂದಿನವು. ಕಬ್ಬಿಣದ ಉಳಿ ಹಿಡಿದವರು ಪದವಿನ ಗಟ್ಟಿ ಮೇಲ್ಪದರ ಒಡೆದು ಕೆಳಗಿಳಿದರು. ಅಡಿಯ ಮುರ ಮೆತ್ತಗೆ. ಅದನ್ನು ಕೊರೆದು ದುಂಡನೆಯ ಕೋಣೆ ಮಾಡಿದರು. ಮೇಲೆ ಗುಮ್ಮಟದಂಥ ಮಾಡು (ಛಾವಣಿ), ಮುಂದೆ ಚೌಕದ ಬಾಗಿಲು, ಇಳಿಯಲು ಮೆಟ್ಟಿಲು. ಗಾಳಿ ತಾಗಿದ ಮೇಲೆ ಮುರ ಗಟ್ಟಿಯಾಗುತ್ತದೆ. ಅದಕ್ಕೇ ಕೋಣೆ ಇನ್ನೂ ಕುಸಿದಿಲ್ಲ. ಒಳಗೆ ಸತ್ತವರ ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು, ಕೆಲವು ಕಡೆ ನಾಲ್ಕು ಕಾಲಿನ ಜಾಡಿ. ನಮ್ಮದೇ ಕಾಸರಗೋಡು ಜಿಲ್ಲೆಯ ಉಮ್ಮಿಚ್ಚಿಪೊಯಿಲಿನಲ್ಲಿ ಇಂಥ ಗುಹೆಗಳ ಉತ್ಖನನ ನಡೆದಿದೆ. ಕಣ್ಣೂರಿನ ಕಡೆಯ ಇಂಥ ಸಮಾಧಿಗಳ ಬಗ್ಗೆ ಬ್ಯಾಬಿಂಗ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಬರೆದದ್ದು 1823ರಲ್ಲಿ ಅಚ್ಚಾಯಿತು. ಜನ ಅವನ್ನು ಪಾಂಡವರ ಕುಳಿ ಅನ್ನುತ್ತಿದ್ದರಂತೆ.

ಈಗ ನಿಮ್ಮ ಪದವಿಗೆ ಬರೋಣ. ಅವರು ಗದ್ದೆಯ ಬದಿ ಬಿಟ್ಟು ಅಲ್ಲಿಗೇ ಯಾಕೆ ಹತ್ತಿದರು? ಕೊರೆಯಲು ಬೇಕಾದ ಕಲ್ಲು ಅಲ್ಲಿತ್ತು. ಮಳೆಗಾಲದಲ್ಲಿ ನೀರು ನಿಲ್ಲುವ ಪಳ್ಳಗಳು ಅಲ್ಲಿದ್ದವು. ಆ ನೀರೇ ಮುರದೊಳಗೆ ಇಂಗಿ ಕೆಳಗೆ ಒರತೆಯಾಗಿ ಬರುತ್ತದೆ. ಬಾಯಾರು, ಪಡ್ರೆ, ಶೇಣಿ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಿಗೆ ನೀರು ಎಲ್ಲಿಂದ ಅಂದುಕೊಂಡಿರಿ? ಗುಡ್ಡದ ಹೊಟ್ಟೆಯಿಂದಲೇ ಅಲ್ವಾ? ಸತ್ತವರಿಗೆ ಕೋಣೆ ಕೊರೆದವರೂ, ತೋಟಕ್ಕೆ ಸುರಂಗ ಕೊರೆದ ನಮ್ಮ ಅಜ್ಜಂದಿರೂ ನಂಬಿದ್ದು ಒಂದೇ ಮುರವನ್ನು. ಹುಲ್ಲು ಬೆಳೆಯುವುದಿಲ್ಲ ಅಂದಿರಿ. ಶ್ರಾವಣ ಕಳೆಯುವ ಹೊತ್ತಿಗೆ ಒಮ್ಮೆ ಹತ್ತಿ ನೋಡಿ. ಪದವು ಪೂರಾ ನೀಲಿ ಹೂವು.

ಸುತ್ತ ಜೆಸಿಬಿ ಇಳಿದು, ನಡುವೆ ಗುಹೆಯೊಂದನ್ನೇ ಬಿಟ್ಟರೆ ಅದು ಬೋಳು ವಸಡಿನಲ್ಲಿ ಉಳಿದ ಒಂಟಿ ಹಲ್ಲಿನ ಹಾಗೆ ಕಾಣುತ್ತದೆ. ಅದೂ ಜಾಸ್ತಿ ದಿನ ನಿಲ್ಲುವುದಿಲ್ಲ. ಬದಿಯ ಕಲ್ಲು ಹೋದರೆ ಮಾಡಿಗೆ ಆಸರೆ ಎಲ್ಲಿ? ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ, ಗಣಿ ಎರಡೂ ಕೂಡದು, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು ಎಂದು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ಕಾನೂನು ಮಾಡಿದವರಿಗೂ ಸುತ್ತಲಿನ ಜಾಗ ಲೆಕ್ಕಕ್ಕೆ ಬಂದಿದೆ ನೋಡಿ. ಪಟ್ಟಿಯಲ್ಲಿಲ್ಲದ ನಿಮ್ಮ ಗುಹೆಗೆ ಆ ಭಾಗ್ಯವೂ ಇಲ್ಲ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನಮಗೆಲ್ಲ ಹಾಗೆ ಕಲಿಸಿದ್ದಾರೆ. ಬೋಳುಗುಡ್ಡ ಅಂದರೆ ಯಾರಿಗೂ ಬೇಡದ ನೆಲ, ಏನು ಮಾಡಿದರೂ ನಡೆಯುತ್ತದೆ ಅಂತ. ಈ ಜಿಲ್ಲೆಯ ಗುಡ್ಡಗಳ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಅದು ಇಳಿದದ್ದು ಕೆಳಗಿನ ತೋಡಿಗೆ, ಬಾವಿಗೆ, ಮಕ್ಕಳ ಮೈಗೆ. ಆಮೇಲೂ ಬುದ್ಧಿ ಬರಲಿಲ್ಲ.

ನಾವು ಕನ್ನಡಿಗರೂ ಕಡಿಮೆಯಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಗಡಿಯ ಬಗ್ಗೆ ಮಾತಾಡುತ್ತಲೇ ಇದ್ದೇವೆ. ಮಾತಾಡಲೇಬೇಕು, ನಾನೂ ಮಾತಾಡುತ್ತೇನೆ. ಆದರೆ ಗಡಿಯೊಳಗಿನ ನೆಲ ಲಾರಿ ಹತ್ತಿ ಹೋಗುವಾಗ ಸುಮ್ನೆ ನಿಂತು ನೋಡುತ್ತೇವೆ. ಇತಿಹಾಸ ಅಂದರೆ ಬೇಕಲ ಕೋಟೆ, ಕುಂಬಳೆಯ ಅರಸರು, ಅಷ್ಟೇ. ಶಾಸನಗಳ ತೇದಿಗಾಗಿ ಆಯುಷ್ಯ ಸವೆಸಿದ ಮಂಜೇಶ್ವರದ ಕವಿ ಗೋವಿಂದ ಪೈಗಳ ಊರಿನವರು ನಾವು. ಶಾಸನ ಬರೆಯುವುದಕ್ಕೂ ಮೊದಲಿನವರ ಕೈಕೆಲಸ ಹಿತ್ತಿಲ ಗುಡ್ಡದಲ್ಲೇ ಇದೆ, ನಮ್ಮ ಶಾಲೆಯ ಮಕ್ಕಳನ್ನು ಬಸ್ಸು ಹತ್ತಿಸಿ ಹಂಪಿಗೆ ಕರೆದೊಯ್ಯುತ್ತೇವೆ.

ನಿಮ್ಮ ಪತ್ರದಲ್ಲಿ ಒಂದು ಮಾತು ನನಗೆ ಹಿಡಿಸಿತು: "ನಮ್ಮ ಪದವು" ಅಂದಿದ್ದೀರಿ. ಹಾಗಿದ್ದರೆ ಒಂದು ಕೆಲಸ ಮಾಡಿ. ಗುಹೆಯ ಬಾಗಿಲು ಯಾವ ದಿಕ್ಕಿಗಿದೆ, ಹತ್ತಿರದ ಪಳ್ಳ ಎಲ್ಲಿದೆ, ಪದವಿನ ನೀರು ಯಾರ ತೋಟಕ್ಕೆ ಇಳಿಯುತ್ತದೆ ಎಂದು ಊರಿನ ಹಿರಿಯರನ್ನು ಕೇಳಿ ಒಂದು ನಕ್ಷೆ ಬರೆಯಿರಿ. ಒಂದು ಪ್ರತಿ ಪಂಚಾಯತಿಗೆ ಕೊಡಿ, ಒಂದು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಅದಕ್ಕೇ ಬಿಟ್ಟಿದ್ದೇನೆ.
– ಸಂ.