‘ಬಿಗ್‌ವಿಗ್’: ಕೃತಕ ಕೂದಲಿಗೂ ದೊಡ್ಡ ಮನುಷ್ಯರಿಗೂ ಏನು ನಂಟು?

ಪ್ರಶ್ನೆ: ಇಂಗ್ಲಿಷ್ ಪತ್ರಿಕೆಗಳು ಪಕ್ಷಗಳ ಪ್ರಭಾವಿ ನಾಯಕರನ್ನೂ ದೊಡ್ಡ ಉದ್ಯಮಿಗಳನ್ನೂ ‘ಬಿಗ್‌ವಿಗ್ಸ್’ ಎಂದು ಕರೆಯುತ್ತವೆ. ವಿಗ್ ಎಂದರೆ ಕೃತಕ ಕೂದಲಲ್ಲವೇ? ಈ ಮಾತು ಹುಟ್ಟಿದ್ದು ಹೇಗೆ? ಕನ್ನಡಕ್ಕೆ ತರುವಾಗ ‘ಗಣ್ಯರು’ ಎಂದರೆ ಸಾಕೇ?

ಉತ್ತರ: ಹೌದು, ಅದೇ ವಿಗ್. ನಮ್ಮ ನಾಟಕದವರು ಟೋಪನ್ ಎನ್ನುವ ಈ ವಸ್ತು ಒಂದು ಕಾಲದಲ್ಲಿ ಯುರೋಪಿನ ಶ್ರೀಮಂತರ ನಿತ್ಯದ ಉಡುಪಿನ ಭಾಗವಾಗಿತ್ತು. ಚಿಕ್ಕ ವಯಸ್ಸಿನಲ್ಲೇ ಕೂದಲು ಉದುರತೊಡಗಿದ ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿ 1624ರ ಸುಮಾರಿಗೆ ವಿಗ್ ತೊಡಲಾರಂಭಿಸಿದ. ಅವನ ಮಗ ಹದಿನಾಲ್ಕನೆಯ ಲೂಯಿಯ ಕಾಲಕ್ಕೆ ಅದು ಆಸ್ಥಾನದ ಮರ್ಯಾದೆಯೇ ಆಯಿತು. ದೇಶಭ್ರಷ್ಟನಾಗಿ ಯುರೋಪಿನಲ್ಲಿ ಅಲೆದಿದ್ದ ಎರಡನೆಯ ಚಾರ್ಲ್ಸ್ 1660ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೆ ಮರಳಿದ ಮೇಲೆ ಈ ರೂಢಿ ಲಂಡನ್ನಿನಲ್ಲೂ ಬೇರೂರಿತು.

ಆ ದಿನಗಳನ್ನು ಹತ್ತಿರದಿಂದ ನೋಡಬೇಕಾದರೆ ನೌಕಾಡಳಿತದ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್‌ನ ದಿನಚರಿಯನ್ನು ಓದಬೇಕು. 1663ರ ನವೆಂಬರ್ 3ರಂದು ಅವನು ತನ್ನ ಕೂದಲನ್ನು ಕತ್ತರಿಸಿಕೊಂಡು, 3 ಪೌಂಡು ಕೊಟ್ಟು ಕೊಂಡ ವಿಗ್ ಧರಿಸಿದ. ಕತ್ತರಿಸಿದ ಅವನದೇ ಕೂದಲಿನಿಂದ ಇನ್ನೊಂದನ್ನು ಮಾಡಿಕೊಡಲು ವಿಗ್ ಮಾಡುವವನು ಅದನ್ನು ಒಯ್ದ. ಮುಂದಿನ ಭಾನುವಾರ ಚರ್ಚಿನಲ್ಲಿ ಎಲ್ಲರ ಕಣ್ಣೂ ತನ್ನ ತಲೆಯ ಮೇಲೆಯೇ ಬೀಳುವುದೆಂದು ಅಂಜಿದ್ದವನಿಗೆ, ಯಾರಿಗೂ ಅದು ಅಷ್ಟೇನೂ ವಿಚಿತ್ರವಾಗಿ ಕಾಣದಿದ್ದುದು ಸಮಾಧಾನ ತಂದಿತು. ಎರಡು ವರ್ಷಗಳ ನಂತರ, ಪ್ಲೇಗಿನ ಸಮಯದಲ್ಲಿ, ಅದೇ ಪೀಪ್ಸ್ ಕೊಂಡು ತಂದ ಹೊಸ ವಿಗ್ಗನ್ನು ಬಹಳ ದಿನ ತೊಡಲು ಹೆದರಿದ: ಪ್ಲೇಗಿನಿಂದ ಸತ್ತವರ ತಲೆಯ ಕೂದಲಿದ್ದೀತೆಂಬ ಭಯದಿಂದ ಇನ್ನು ಮುಂದೆ ಯಾರೂ ಕೂದಲನ್ನೇ ಕೊಳ್ಳಲಾರರು ಎಂದು ಬರೆದಿಟ್ಟ. ಭಯ ಕಳೆಯಿತು, ರೂಢಿ ಉಳಿಯಿತು.

ಭುಜವನ್ನೂ ಬೆನ್ನನ್ನೂ ಮುಚ್ಚುವಂತೆ ಸುರುಳಿ ಸುರುಳಿಯಾಗಿ ಇಳಿಬೀಳುವ ವಿಗ್ಗಿಗೆ ರಾಶಿ ಮನುಷ್ಯಕೂದಲು ಬೇಕು, ಅದನ್ನು ಎಳೆ ಎಳೆಯಾಗಿ ನೇಯುವ ಕೈಗೆಲಸ ಬೇಕು, ಆಮೇಲೆ ಪುಡಿ ಹಾಕಿ ಓರಣವಾಗಿಡಲು ಆಳು ಬೇಕು. ಆದ್ದರಿಂದ ದೊಡ್ಡ ವಿಗ್ ನ್ಯಾಯಾಧೀಶರು, ಬಿಷಪ್ಪರು, ಪ್ರಭುಗಳಂಥವರ ತಲೆಗೆ ಮೀಸಲಾಗಿ, ಉಳಿದವರು ಗಿಡ್ಡ ವಿಗ್ಗಿನಲ್ಲಿ ತೃಪ್ತರಾಗಬೇಕಿತ್ತು. 18ನೇ ಶತಮಾನದಲ್ಲಿ ಜನ ಆ ದೊಡ್ಡವರನ್ನು ಅವರ ತಲೆಯ ಮೇಲಿದ್ದ ವಸ್ತುವಿನ ಹೆಸರಿನಿಂದಲೇ ಕರೆಯತೊಡಗಿದರು. ಚಿತ್ರಕಾರ ವಿಲಿಯಂ ಹೋಗಾರ್ತ್ 1761ರಲ್ಲಿ, ಕಟ್ಟಡದ ಕಂಬಗಳನ್ನು ಶೈಲಿವಾರು ವಿಂಗಡಿಸುವಂತೆ ವಿಗ್ಗುಗಳನ್ನೂ ವಿಂಗಡಿಸಿ ಒಂದು ವಿಡಂಬನೆಯ ಅಚ್ಚುಚಿತ್ರವನ್ನೇ ಮಾಡಿದ.

1795ರಲ್ಲಿ ಬ್ರಿಟಿಷ್ ಸರ್ಕಾರ ಕೂದಲಿಗೆ ಹಾಕುವ ಪುಡಿ ಬಳಸುವವರ ಮೇಲೆ ವರ್ಷಕ್ಕೆ ಒಂದು ಗಿನ್ನಿ (ಒಂದು ಪೌಂಡಿಗಿಂತ ತುಸು ಹೆಚ್ಚು) ತೆರಿಗೆ ಹೇರಿದ ಮೇಲೆ ಈ ಶೋಕಿ ಬೇಗನೆ ಇಳಿಯಿತು. ನ್ಯಾಯಾಲಯಗಳಲ್ಲಿ ಮಾತ್ರ ವಿಗ್ ಉಳಿದುಕೊಂಡಿತು. ಇಂಗ್ಲೆಂಡಿನ ಸಿವಿಲ್ ಮತ್ತು ಕೌಟುಂಬಿಕ ನ್ಯಾಯಾಲಯಗಳ ನ್ಯಾಯಾಧೀಶರು ಅದನ್ನು ಕೈಬಿಟ್ಟದ್ದು 2008ರಲ್ಲಿ.

ಇನ್ನು ಅನುವಾದದ ಮಾತು. ‘ಗಣ್ಯರು’ ಎಂಬುದು ಆಮಂತ್ರಣ ಪತ್ರಿಕೆಯ ಪದ, ಅದರಲ್ಲಿರುವುದು ಗೌರವ. ‘ಬಿಗ್‌ವಿಗ್’ ಎಂಬುದು ಬೀದಿಯಲ್ಲಿ ನಿಂತು ಪಲ್ಲಕ್ಕಿಯನ್ನು ನೋಡುವವರ ಮಾತು. ಅದರಲ್ಲಿ ಸಣ್ಣ ಕೊಂಕಿದೆ. ಆ ಧ್ವನಿಗೆ ನನ್ನ ಆಯ್ಕೆ ‘ದೊಡ್ಡ ಕುಳ’. ಕುಳ ಎಂದರೆ ಸರ್ಕಾರಕ್ಕೆ ಕಂದಾಯ ಕೊಡುವ ರೈತ. ಹೆಚ್ಚು ಕಂದಾಯ ಕಟ್ಟುವವನು ಊರಿನ ದೊಡ್ಡ ಕುಳ. ಅವರು ತಲೆಯ ಮೇಲಿನ ಕೂದಲಿನಿಂದ ಅಳೆದ ದೊಡ್ಡಸ್ತಿಕೆಯನ್ನು ನಮ್ಮವರು ಲೆಕ್ಕದ ಪುಸ್ತಕದಿಂದ ಅಳೆದಿದ್ದಾರೆ. ಆದರೆ ಈ ಮಾತು ಈಗ ಹಣವಂತರ ಕಡೆಗೆ ಹೆಚ್ಚು ವಾಲಿದೆಯಾದ್ದರಿಂದ, ರಾಜಕೀಯ ವರದಿಯಲ್ಲಿ ‘ಘಟಾನುಘಟಿಗಳು’ ಎನ್ನುವುದು ಮೇಲು. ‘ದಿಗ್ಗಜರು’ ಎಂದು ಮಾತ್ರ ಬರೆಯಬೇಡಿ. ಎಂಟು ದಿಕ್ಕುಗಳಲ್ಲಿ ಭೂಮಿಯನ್ನು ಹೊತ್ತ ಆನೆಗಳ ಆ ಹೆಸರು ಸಾಧನೆಗೆ ಸಲ್ಲುವಂಥದ್ದು, ‘ಬಿಗ್‌ವಿಗ್’ ಹೇಳುವುದು ಬರಿಯ ಸ್ಥಾನವನ್ನು.