ನಾಗಬನಕ್ಕೆ ಕಾಂಕ್ರೀಟ್ ಏಕೆ ಬೇಡ?

ಪ್ರಶ್ನೆ: ನಮ್ಮೂರ ನಾಗಬನದ ನೆಲಕ್ಕೆ ಕಾಂಕ್ರೀಟ್ ಹಾಕಿದ ಮೇಲೆ ಮರಗಳು ಒಣಗುತ್ತಿವೆ. ಒಡೆದರೆ ದೋಷವೆಂದು ಹಿರಿಯರು ಹಿಂಜರಿಯುತ್ತಾರೆ. ಏನು ಮಾಡಲಿ?

ಉತ್ತರ: ಬನದ ಒಂದು ಕಡ್ಡಿಯನ್ನೂ ಮುರಿಯಬಾರದೆಂಬುದೇ ಹಳೆಯ ಕಟ್ಟಳೆ. ಸಿಮೆಂಟು ಈಚಿನದು, ಅದನ್ನು ಒಡೆದರೆ ಆ ಕಟ್ಟಳೆ ಮೀರಿದಂತಲ್ಲ. ಹಿರಿಯರಿಗೆ ಇದನ್ನೇ ಹೇಳಿ. 1983ರಲ್ಲಿ ಶಿರಸಿಯ ಸಾಲ್ಕಣಿಯವರು ಕಡಿಯುವುದನ್ನು ತಡೆಯಲು ಮರ ಅಪ್ಪಿ ನಿಂತದ್ದನ್ನೂ (ಅಪ್ಪಿಕೋ ಚಳವಳಿ) ನೆನಪಿಸಿ. ಕಾಡು ಕಾಯುವುದು ನಮ್ಮಲ್ಲಿ ಹೊಸದಲ್ಲ.

ಕಾಂಕ್ರೀಟಿನಡಿ ನೀರಿಂಗದೆ, ಗಾಳಿಯಾಡದೆ ಬೇರು ಸಾಯುತ್ತದೆ. ಬುಡಕ್ಕೆ ಪೆಟ್ಟಾಗದಂತೆ ಕೈಯಿಂದಲೇ ಒಡೆಸಿ, ಜೆಸಿಬಿ ಬೇಡ. ಓಡಾಡುವಲ್ಲಿ ಮಾತ್ರ ಮುರಕಲ್ಲು (ಜಂಬಿಟ್ಟಿಗೆ) ಹಾಸಿ, ಸಂದಿಗೆ ಮಣ್ಣು ತುಂಬಿ. ತರಗೆಲೆ ಗುಡಿಸಿ ಸುಡಬೇಡಿ; ಬೀಜ ಮೊಳೆಯುವುದು ಅದರ ತೇವದಲ್ಲೇ. ಹೊಸ ಗಿಡ ನೆಡುವಾಗ ಅಕೇಶಿಯಾ ಬೇಡವೇ ಬೇಡ. ನಮ್ಮ ಕಾಡಿನ ಮರಗಳಾದ ಸುರಗಿ, ರೆಂಜ (ಬಕುಳ), ಧೂಪ ನೆಡಿ. ಧೂಪದ ಬೀಜ ಒಣಗಿಸಿಟ್ಟರೆ ಹುಟ್ಟುವುದಿಲ್ಲ, ಮಳೆಗಾಲದಲ್ಲಿ ಬಿದ್ದ ಕೂಡಲೇ ಬಿತ್ತಿ.