ಆ ಸುಲೋಚನಾ ಬೇರೆ, ಈ ಸುಲೋಚನಾ ಬೇರೆ

ಪ್ರಶ್ನೆ: ಹಳೆಯ ಹಿಂದಿ ಚಿತ್ರಗಳಲ್ಲಿ ಹೀರೋಗೆ ತಾಯಿಯಾಗುತ್ತಿದ್ದ ಸುಲೋಚನಾ ಅವರೇ ಮೂಕಿ ಚಿತ್ರಗಳ ದೊಡ್ಡ ನಟಿಯಂತೆ, ನಿಜವಾ? ಟಾಕಿ ಬಂದ ಮೇಲೆ ಹಿಂದಿ ಬಾರದೆ ಅವರಿಗೆ ಕೆಲಸ ತಪ್ಪಿತು ಅಂತ ಓದಿದ್ದೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲ, ಇಬ್ಬರೂ ಬೇರೆ. ನೀವು ನೋಡಿರುವುದು ಬಹುಶಃ ಸುಲೋಚನಾ ಲಾಟ್ಕರ್ ಅವರನ್ನು. ಮೂಕಿ ಕಾಲದ ಸುಲೋಚನಾ ಅವರ ನಿಜವಾದ ಹೆಸರು ರೂಬಿ ಮೈಯರ್ಸ್. 1907ರಲ್ಲಿ ಪುಣೆಯಲ್ಲಿ ಹುಟ್ಟಿದ ಯೆಹೂದಿ ಹುಡುಗಿ. ಟೆಲಿಫೋನ್ ಆಪರೇಟರ್ ಆಗಿದ್ದಾಗ ಕೊಹಿನೂರ್ ಚಿತ್ರ ಕಂಪನಿಯ ನಿರ್ದೇಶಕ ಮೋಹನ್ ಭವನಾನಿ ನಟಿಸಲು ಕರೆದರು. ಮೊದಲು ಒಲ್ಲೆ ಅಂದರು. ಆಗ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಸಿನಿಮಾಕ್ಕೆ ಹೋಗಬಾರದು ಅನ್ನುವ ಕಾಲ, ಅಲ್ವಾ? ಭವನಾನಿ ಬಿಡಲಿಲ್ಲ, ಕೊನೆಗೆ ಒಪ್ಪಿದರು.

1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ'ಯಲ್ಲಿ ಅವರೊಬ್ಬರದೇ ಎಂಟು ವೇಷ. ತೋಟದ ಮಾಲಿ, ಪೊಲೀಸ್, ಬಾಳೆಹಣ್ಣು ಮಾರುವವಳು, ಹೊಂಗೂದಲ ಯುರೋಪಿಯನ್ ಹೆಂಗಸು, ಎಲ್ಲಾ ಅವರೇ! ಇಂಪೀರಿಯಲ್ ಚಿತ್ರ ಕಂಪನಿಯಲ್ಲಿ 'ಮಾಧುರಿ', 'ಅನಾರ್ಕಲಿ', 'ಇಂದಿರಾ ಬಿ.ಎ.' ಮಾಡಿದರು. ಗಾಂಧೀಜಿ ಖಾದಿ ಪ್ರದರ್ಶನ ಉದ್ಘಾಟಿಸಿದ ಕಿರುಚಿತ್ರ ತೋರಿಸುವಾಗ ಅದರ ಜೊತೆ 'ಮಾಧುರಿ'ಯ ಅವರ ನೃತ್ಯವನ್ನೂ ಸೇರಿಸುತ್ತಿದ್ದರಂತೆ. ಜನ ಅಷ್ಟು ಹುಚ್ಚರಾಗಿದ್ದರು.

ಈಗ ನಿಮ್ಮ ಎರಡನೇ ಮಾತು. 1931ರಲ್ಲಿ ಇಂಪೀರಿಯಲ್‌ನವರೇ ಮೊದಲ ಟಾಕಿ 'ಆಲಂ ಆರಾ' ತೆಗೆದಾಗ ನಾಯಕಿಯಾಗಿದ್ದು ಜುಬೇದಾ. ಸ್ವಂತ ಕಂಪನಿಯ ದೊಡ್ಡ ಸ್ಟಾರ್‌ಗೆ ಆ ಪಾತ್ರ ಸಿಗಲಿಲ್ಲ, ಯಾಕೆಂದರೆ ರೂಬಿಗೆ ಹಿಂದುಸ್ತಾನಿ ಸರಿಯಾಗಿ ಬರುತ್ತಿರಲಿಲ್ಲ. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರೇ ಜಾಸ್ತಿ, ನನಗೆ ಬೇಸರವಾಗುವುದು ಅಲ್ಲೇ. ಅವರು ಸುಮ್ನೆ ಕೂರಲಿಲ್ಲ. ಒಂದು ವರ್ಷ ಕ್ಯಾಮೆರಾದಿಂದ ದೂರವಿದ್ದು ಭಾಷೆ ಕಲಿತರು, 1932ರಲ್ಲಿ ತಮ್ಮದೇ 'ಮಾಧುರಿ'ಯನ್ನು ಟಾಕಿ ಮಾಡಿಕೊಂಡು ವಾಪಸ್ ಬಂದರು. ಅದೂ ಗೆದ್ದಿತು. ತಿಂಗಳಿಗೆ 5000 ರೂಪಾಯಿ ಸಂಬಳ, ನಟ ಡಿ. ಬಿಲಿಮೋರಿಯಾ ಜೊತೆ ಜೋಡಿ, ಸಾಲುಸಾಲು ಚಿತ್ರ. ನಾಯಕಿಯ ಪಾತ್ರಗಳು ಕಡಿಮೆಯಾಗಿದ್ದು ಆ ದಶಕದ ಕೊನೆಯ ಹೊತ್ತಿಗೆ, ಹೊಸ ನಾಯಕಿಯರು ಬಂದ ಮೇಲೆ.

'ಅನಾರ್ಕಲಿ'ಯ ಕಥೆ ಕೇಳಿ. 1928ರ ಮೂಕಿಯಲ್ಲಿ ಅವರೇ ಅನಾರ್ಕಲಿ. 1935ರ ಟಾಕಿಯಲ್ಲೂ ಅವರೇ. 1953ರಲ್ಲಿ ಬೀನಾ ರಾಯ್ ಅನಾರ್ಕಲಿಯಾದಾಗ, ಅದೇ ಕಥೆಯಲ್ಲಿ ಸಲೀಮನ ತಾಯಿಯಾಗಿ ನಿಂತರು. ಒಂದು ಕಾಲದಲ್ಲಿ ತಾನೇ ಆಡಿದ ಪಾತ್ರವನ್ನು ಇನ್ನೊಬ್ಬಳು ಆಡುವುದನ್ನು ಪಕ್ಕದಲ್ಲೇ ನಿಂತು ನೋಡುವುದು ಸುಲಭವಾ? ಆಮೇಲೂ ಚಿಕ್ಕಪುಟ್ಟ ಪಾತ್ರ ಮಾಡುತ್ತಲೇ ಇದ್ದರು. ಫಾಲ್ಕೆ ಪ್ರಶಸ್ತಿ 1973ರದು. 1983ರಲ್ಲಿ ಮುಂಬೈನಲ್ಲಿ ತೀರಿಕೊಂಡರು.

ಪ್ರಶ್ನೆ: ಮೂಕಿ ಚಿತ್ರಗಳಿಗೂ ನಮ್ಮವರಿಗೂ ಏನಾದರೂ ನಂಟಿತ್ತಾ?
– ಓದುಗರೊಬ್ಬರು, ಹಾಸನ

ಉತ್ತರ: ಇತ್ತು! ಮೇಲೆ ಹೇಳಿದ ಅದೇ ಭವನಾನಿ ಶೂದ್ರಕನ ಸಂಸ್ಕೃತ ನಾಟಕ 'ಮೃಚ್ಛಕಟಿಕ'ವನ್ನು 'ವಸಂತಸೇನಾ' ಅಂತ ಮೂಕಿ ಚಿತ್ರ ಮಾಡಿದರು. ವಸಂತಸೇನೆಯಾಗಿದ್ದು ಏಣಾಕ್ಷಿ ರಾಮರಾವ್. ನಮ್ಮ ಟಿ.ಪಿ. ಕೈಲಾಸಂ ಮತ್ತು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಕೂಡ ಅದರಲ್ಲಿ ನಟಿಸಿದ್ದರು.